ಅತ್ತೆ ಸಹಿ ಹಾಕಲಿಲ್ಲ

ಸಾಕ್ಷಾತ್ ಪೋಪರೇ ರೋಮಿನಿಂದ ಹೊರಟು, ಮಂಗಳೂರಿನಲ್ಲಿಳಿದು, ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ ಕಡಬಕ್ಕೆ ಬಂದರು ಎಂದಿಟ್ಟುಕೊಳ್ಳಿ. ನನ್ನ ಸೋದರತ್ತೆಯ ಜೊತೆ ವಾದಕ್ಕೆ ಕುಳಿತು ಗೆದ್ದು ಹೋಗುತ್ತಾರೆಯೇ? ನನಗಂತೂ ನಂಬಿಕೆಯಿಲ್ಲ! ಒಂದು ಕಟ್ಟು ಹಲಸಿನ ಹಪ್ಪಳ ಕಂಕುಳಲ್ಲಿಟ್ಟುಕೊಂಡು, “ಬಾಯಮ್ಮ, ನೀವು ಹೇಳುದೂ ಸರಿಯೇ” ಎಂದು ತಲೆಯಾಡಿಸುತ್ತಾ ಬಸ್ಸು ಹತ್ತಿಯಾರು.

ಊರವರಿಗೆಲ್ಲ ಅವರು ಬಾಯಮ್ಮ. ಪಂಚಾಯತ್ ಸದಸ್ಯೆಯಾಗಿ ಇದು ಮೂರನೇ ಅವಧಿ. ಚರ್ಚಿನಲ್ಲಿ ನಮ್ಮ ವಾರ್ಡಿನ ಗುರಿಕಾರರೂ ಅವರೇ. ಎಂದರೆ ಹದಿನೆಂಟು ಕ್ರೈಸ್ತ ಮನೆಗಳ ಸುಖದುಃಖಕ್ಕೆ ಫಾದರ್ ಬಳಿ ಜವಾಬು ಹೇಳುವವರು. ಭಕ್ತಿಯ ಮಾತಂತೂ ಕೇಳಲೇಬೇಡಿ! ಸಂಜೆ ಏಳಕ್ಕೆ ಜಪಸರ ಕೈಗೆ ಬಂತೆಂದರೆ ಶಾಸಕರ ಫೋನನ್ನೂ ಎತ್ತುವುದಿಲ್ಲ. ಕಳೆದ ಚುನಾವಣೆಯಲ್ಲಿ ಎದುರಾಳಿಯ ಹೆಸರಿನಲ್ಲೂ ಚರ್ಚಿನಲ್ಲಿ ಪೂಜೆ ಮಾಡಿಸಿದ್ದರು. ಆತ ಗಾಬರಿಯಿಂದ ಓಡಿ ಬಂದ.

“ಎಂತ ಬಾಯಮ್ಮ, ನಾನು ಸೋಲ್ಲಿ ಅಂತ ಪೂಜೆಯಾ?”

“ಛೆ ಛೆ! ಸೋಲುದು ನೀನು ಹೇಗೂ ಸೋಲ್ತಿ. ಬೇಜಾರಾಗದೆ ಇರ್ಲಿ ಅಂತ ಮಾಡಿಸಿದ್ದು ಮಾರಾಯ!”

ಇಂಥ ಅತ್ತೆ ಧರ್ಮಸಭೆಯ ಮಾತಿಗೆ ಎದುರು ನಿಂತದ್ದು ಒಂದೇ ಒಂದು ವಿಷಯಕ್ಕೆ. ಆ ಒಂದಾದರೂ ಸಣ್ಣದೇ? ಗರ್ಭಪಾತ!

ಆದದ್ದು ಹೀಗೆ. ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ರದ್ದಾಗಬೇಕು, ಯಾವ ಕಾರಣಕ್ಕೂ ವಿನಾಯಿತಿ ಬೇಡ ಎಂದು ನಮ್ಮ ಚರ್ಚಿನ ಪಾಲನಾ ಮಂಡಳಿ ಒಂದು ಮನವಿ ಬರೆಸಿತು. ಚರ್ಚಿನವರಲ್ಲಿ ಪಂಚಾಯತಿಗೆ ಗೆದ್ದವರು ಮೂವರು, ಮೂವರ ಸಹಿಯೂ ಬೇಕಿತ್ತು. ಭಾನುವಾರದ ಪೂಜೆ ಮುಗಿದ ಮೇಲೆ ಅಂಗಳದಲ್ಲೇ ಇಬ್ಬರು ಓದದೆ ಸಹಿ ಗೀಚಿದರು. ಅತ್ತೆ ಮಾತ್ರ ಕನ್ನಡಕ ಏರಿಸಿ ಎರಡೆರಡು ಸಲ ಓದಿದರು.

“ಇದಕ್ಕೆ ನಾನು ಹಾಕುದಿಲ್ಲ. ಹೋದ ತಿಂಗಳು ನಮ್ಮ ವಾರ್ಡಿನ ಒಬ್ಬಳನ್ನು ಸುಳ್ಯದ ಆಸ್ಪತ್ರೆಗೆ ಜೀಪಿನಲ್ಲಿ ಕರ್ಕೊಂಡು ಹೋದದ್ದು ನಾನೇ. ಅವಳಿಗೆ ಹಾರ್ಟಿನ ತೊಂದರೆ ಉಂಟು. ಹೆತ್ರೆ ಉಳಿಯುದಿಲ್ಲ ಅಂದ್ರು ಡಾಕ್ಟ್ರು. ಮನೇಲಿ ಮೂರು ಮಕ್ಕಳು. ತೆಗೆಸಿದ್ದು. ಹೋಗುವಾಗಲೂ ಜಪಸರ ಹೇಳಿದ್ದೇನೆ, ಬರುವಾಗಲೂ ಹೇಳಿದ್ದೇನೆ.”

ಮಂಡಳಿಯ ಕಾರ್ಯದರ್ಶಿಗಳ ಕೈಯಿಂದ ಪೆನ್ನು ಜಾರಿತು! “ಯಾರದು ಬಾಯಮ್ಮ?” ಎಂದು ನಾಲ್ವರು ಹೆಂಗಸರು ಒಂದೇ ಉಸಿರಿಗೆ ಕೇಳಿದರು.

“ಹೆಸರು ನನ್ನೊಟ್ಟಿಗೇ ಮಣ್ಣಿಗೆ ಹೋಗ್ತದೆ. ನೀವು ಇದಕ್ಕೆ ಇನ್ನೊಂದು ಸಾಲು ಸೇರ್ಸಿ ಮಾರಾಯ್ರೆ. ತಾಯಿ ಸತ್ರೆ ಮಕ್ಕಳನ್ನು ಸಾಕುದು ಸಹಿ ಹಾಕಿದವರು ಅಂತ. ಆಮೇಲೆ ನಾನೂ ಹಾಕ್ತೇನೆ.”

ಆಗಲೇ ಸಹಿ ಹಾಕಿದ್ದ ಇಬ್ಬರಲ್ಲಿ ಒಬ್ಬರು, ತಮ್ಮ ಸಹಿ ಯಾಕೋ ಸರಿ ಬಂದ ಹಾಗಿಲ್ಲ ಎಂದು ಕಾಗದ ವಾಪಸು ಕೇಳಿದರು!

ಮುಂದಿನ ಶನಿವಾರ ಪಾಪನಿವೇದನೆ. ಮಾಡಿದ ಪಾಪವನ್ನು ಫಾದರ್ ಕಿವಿಗಷ್ಟೇ ಹೇಳಿಕೊಳ್ಳುವ ಗುಟ್ಟಿನ ಸಂಸ್ಕಾರ ಅದು, ಒಪ್ಪಿದೆ. ಆದರೆ ಅತ್ತೆಯ ಗಂಟಲನ್ನು ದೇವರು ಗುಟ್ಟಿಗಾಗಿ ಮಾಡಿದ್ದಲ್ಲವಲ್ಲ! ಸಾಲಿನಲ್ಲಿ ನಿಂತಿದ್ದ ನಮಗೆಲ್ಲ ಒಂದಕ್ಷರ ಬಿಡದೆ ಕೇಳಿಸಿತು.

“ಫಾದರ್, ನಿಮಗೆ ಹಿಂದಿನಿಂದ ಮೂರು ಸಲ ಬೈದಿದ್ದೇನೆ. ಅದು ಪಾಪ.”

ಫಾದರ್ ಏನೋ ಪಿಸುಗುಟ್ಟಿದರು.

“ಆಸ್ಪತ್ರೆಯದ್ದಾ? ಅದನ್ನು ದೇವರ ಹತ್ರ ನೇರ ಹೇಳಿ ಆಗಿದೆ. ಅವರು ಇನ್ನೂ ಉತ್ತರ ಕೊಡ್ಲಿಲ್ಲ. ಕೊಟ್ರೆ ನಿಮಗೂ ಹೇಳ್ತೇನೆ.”

ಹೊರಗೆ ಬಂದ ಅತ್ತೆ ಫಾದರ್ ಬಗ್ಗೆ ಏನೋ ಬೈದುಕೊಂಡರು. ನಾಲ್ಕು ಹೆಜ್ಜೆ ಹೋದವರು ಹಾಗೇ ನಿಂತು, ತಲೆ ಚಚ್ಚಿಕೊಂಡು, ಮತ್ತೆ ಬಂದು ಸಾಲಿನ ಕೊನೆಯಲ್ಲಿ ನಿಂತರು!

ಇಷ್ಟಾದ ಮೇಲೆ ಮಂಡಳಿಯವರು ಸುಮ್ಮನಿರುತ್ತಾರೆಯೇ? ಅತ್ತೆಯನ್ನು ಗುರಿಕಾರಿಕೆಯಿಂದ ಇಳಿಸಬೇಕೆಂಬ ಮಾತೆದ್ದಿತು. ಅದೂ ಮೊಂತಿ ಹಬ್ಬ ಹತ್ತಿರ ಬಂದಾಗ! ಕನ್ಯಾ ಮರಿಯಮ್ಮನ ಹುಟ್ಟುಹಬ್ಬದ ಆ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ, ಪ್ರತಿ ಮನೆಗೂ ತಲೆಗೊಂದರಂತೆ ಎಣಿಸಿ ಕೊಡುತ್ತಾರೆ. ಊರಲ್ಲಿಲ್ಲದವರಿಗೂ ಪಾಲಿದೆ, ದುಬೈಯಲ್ಲಿರುವ ಮಗನ ತೆನೆ ಲಕೋಟೆಯಲ್ಲಿ ಹೋಗುತ್ತದೆ. ನಮ್ಮಲ್ಲಿ ಅದನ್ನು ಮನೆಮನೆಗೆ ಮುಟ್ಟಿಸುವ ಹಕ್ಕು ಗುರಿಕಾರರದ್ದು. ಪಂಚಾಯತ್ ಸೀಟು ಹೋದರೆ ಅತ್ತೆ ತಡೆದುಕೊಂಡಾರು. ಆ ತೆನೆಬುಟ್ಟಿ ಕೈತಪ್ಪಿದರೆ? ಆ ವಾರವಿಡೀ ಅವರು ಯಾರ ಜೊತೆಯೂ ಜಗಳವಾಡಲಿಲ್ಲ. ನಮಗೆಲ್ಲ ಭಯವೇ ಆಯಿತು.

ಹಬ್ಬದ ಪೂಜೆ ಮುಗಿಯುತ್ತಲೇ ಫಾದರ್ ಅತ್ತೆಯನ್ನು ಒಳಕೋಣೆಗೆ ಕರೆದರು. ಬುಟ್ಟಿ ತುಂಬಿಸಲು ಕರೆದರೋ, ಕಿತ್ತುಕೊಳ್ಳಲು ಕರೆದರೋ? ಬುಟ್ಟಿ ಹಿಡಿದು ಹಿಂದೆಯೇ ಹೋದೆ.

“ನೀವು ಮಾಡಿದ್ದನ್ನು ನಾನು ಒಪ್ಪುದಿಲ್ಲ ಬಾಯಮ್ಮ,” ಎಂದರು ಫಾದರ್. “ಆದ್ರೆ ಆ ಹದಿನೆಂಟು ಮನೆಯವರು ಕಷ್ಟ ಅಂತ ಬರುದು ನಿಮ್ಮ ಹತ್ರ. ಬುಟ್ಟಿ ಬೇರೆ ಯಾರಿಗೆ ಕೊಡ್ಲಿ? ಎಷ್ಟು ತಲೆ?”

“ಎಂಬತ್ತೊಂದು.”

ನನಗೆ ಕುಣಿಯುವಷ್ಟು ಖುಷಿ! ಫಾದರ್ ಎಣಿಸಿ ಹಾಕಿದರು. ಅತ್ತೆ ಮಾತ್ರ ಅಲ್ಲಿಂದ ಕದಲಲಿಲ್ಲ.

“ಇನ್ನೊಂದು ಕೊಡಿ ಫಾದರ್.”

“ಎಂಬತ್ತೊಂದು ಅಂದ್ರಲ್ಲ? ಯಾವ ಮನೆಗೆ ಜಾಸ್ತಿ?”

“ಮನೆ ಹೇಳುದಿಲ್ಲ.” ಪಕ್ಕದಲ್ಲೇ ಇದ್ದ ನನಗೂ ಕಷ್ಟದಿಂದ ಕೇಳುವಷ್ಟು ಮೆಲ್ಲಗೆ ಹೇಳಿದರು. “ಹುಟ್ಟದೆ ಹೋದದ್ದು ಉಂಟಲ್ಲ, ಅದಕ್ಕೆ. ಕರ್ಕೊಂಡು ಹೋದದ್ದು ನಾನಲ್ವಾ? ತಾಯಿ ಬೇಕಿತ್ತು, ಫಾದರ್. ಆದ್ರೆ ಅದಕ್ಕೂ ಒಂದು ತೆನೆ ಬೇಡ್ವಾ?”

ಇಷ್ಟು ದಿನ ಅತ್ತೆಯ ಕಥೆಗಳನ್ನು ಹೇಳಿಕೊಂಡು ನಕ್ಕ ನನಗೆ ನಾಚಿಕೆಯಾಯಿತು, ಅಳುವೂ ಬಂತು. ಫಾದರ್ ಕಾಳು ತುಂಬಿದ ತೆನೆಯೊಂದನ್ನು ಹುಡುಕಿ ತೆಗೆದು, ಬುಟ್ಟಿಗೆ ಹಾಕದೆ, ಎರಡೂ ಕೈಯಿಂದ ಅತ್ತೆಯ ಅಂಗೈಯಲ್ಲಿಟ್ಟರು.