ಸಾಸಿವೆಯಷ್ಟು ಚಿನ್ನ, ಒಂದು ಸೌಟು

ಹೆಂಡತಿಗೆ ಹವ್ಯಾಸ ಇರಬಾರದು ಎಂದು ನಾನು ಎಂದೂ ಹೇಳಿದವನಲ್ಲ. ವೇದವತಿ ಮೇಣದಬತ್ತಿ ಮಾಡಲು ಕಲಿತಾಗ ಅಡುಗೆಮನೆಯ ಸಿಂಕು ಎರಡು ಸಲ ಕಟ್ಟಿಕೊಂಡಿತು, ನಾನು ಮಾತಾಡಲಿಲ್ಲ. ಜೇನು ಸಾಕುವ ಕ್ಲಾಸಿಗೆ ನನ್ನನ್ನೂ ಎಳೆದುಕೊಂಡು ಹೋದಳು, ಆಗಲೂ ನಾನು ಮಾತಾಡಲಿಲ್ಲ (ತುಟಿ ಊದಿಕೊಂಡಿತ್ತು). ಆದರೆ ಹೋದ ವರ್ಷ ಡ್ಯಾನ್‌ವಿಲ್‌ನಲ್ಲಿ ಅವಳ ಗೆಳತಿ ತೇಜಸ್ವಿನಿಯ ಮನೆಯ ಊಟಕ್ಕೆ ಹೋಗಿದ್ದೆವಲ್ಲ, ಅಲ್ಲಿ ಆಕೆ ಬೆರಳಿನಷ್ಟು ಉದ್ದದ ಒಂದು ಗಾಜಿನ ಶೀಶೆ ತಂದು ತೋರಿಸಿದಳು. ನೀರಿನ ತಳದಲ್ಲಿ ನಾಲ್ಕು ಹಳದಿ ಚುಕ್ಕೆ. "ಹೊಳೇಲಿ ನಾನೇ ತೆಗೆದದ್ದು ಕಣೆ, ಅಪ್ಪಟ ಚಿನ್ನ" ಎಂದಳು. ವೇದಾ ಆ ಶೀಶೆಯನ್ನು ದೀಪಕ್ಕೆ ಹಿಡಿದು ನೋಡಿದ ರೀತಿ ಕಂಡಾಗಲೇ ಮುಂದಿನ ಹವ್ಯಾಸ ಯಾವುದೆಂದು ನನಗೆ ತಿಳಿದುಹೋಯಿತು.

ಮದುವೆಯಾದ ಹೊಸದರಲ್ಲಿ ನಾನು ಅವಳನ್ನು "ಚಿನ್ನ" ಎಂದು ಕರೆಯುತ್ತಿದ್ದೆ. ಬಾಯಿಮಾತಿನ ಚಿನ್ನ ಅವಳಿಗೆ ಸಾಕಾಗಿರಬೇಕು. ಮೂರನೇ ದಿನಕ್ಕೆ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಿಗೆ ಒಂದು ಪಾರ್ಸೆಲ್ಲು ಬಂತು. ಒಳಗೆ ಎರಡು ಹಸಿರು ಪ್ಲಾಸ್ಟಿಕ್ ತಟ್ಟೆ, ಅಗಲ ಬಾಯಿಯವು, ಒಂದು ಪಕ್ಕದ ಒಳಗೋಡೆಯಲ್ಲಿ ಮೆಟ್ಟಿಲಿನಂತೆ ಗೆರೆಗಳು.

"ರೀ, ಶನಿವಾರ ಹೊಳೆಗೆ ಹೋಗೋಣ. ಚಿನ್ನ ಜಾಲಿಸೋಕೆ."

"ಗುರುವಾರ ಗ್ರೀನ್ ಕಾರ್ಡ್ ಇಂಟರ್‌ವ್ಯೂ ಇದೆ, ವೇದಾ."

"ಶನಿವಾರ ಆದ್ಮೇಲೆ ತಾನೇ ಗುರುವಾರ ಬರೋದು?"

ನಾನು ಹೋಗಿ ಕಾರಿನ ಟೈರಿಗೆ ಗಾಳಿ ಹಾಕಿಸಿಕೊಂಡು ಬಂದೆ.

ನನ್ನ ಭಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗು. ಏನೇನು ಕೆಡಬಹುದು ಎಂದು ಊಹಿಸುವುದಕ್ಕೇ ನನಗೆ ಸಂಬಳ. ಆಫೀಸು ಮುಗಿದ ಮೇಲೆ ಅದೇ ಕೆಲಸವನ್ನು ಮನೆಯಲ್ಲಿ ಬಿಟ್ಟಿಯಾಗಿ ಮಾಡುತ್ತೇನೆ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಹನ್ನೆರಡು ವರ್ಷವಾಗಿತ್ತು. ಆ ಹನ್ನೆರಡು ವರ್ಷ ನಾನು ಈ ದೇಶದಲ್ಲಿ ಗಾಜಿನ ಅಂಗಡಿಯೊಳಗೆ ಹೊಕ್ಕ ಎಮ್ಮೆಯಂತೆ ಮೈ ಬಿಗಿಹಿಡಿದು ಬದುಕಿದ್ದೆ. ಸಿಗ್ನಲ್ಲಿಲ್ಲದ ಕಡೆ ರಸ್ತೆ ದಾಟಿದವನಲ್ಲ. ಲೈಬ್ರರಿ ಪುಸ್ತಕವನ್ನು ಎರಡು ವಾರ ಮೊದಲೇ ಹಿಂತಿರುಗಿಸುತ್ತಿದ್ದೆ, ಓದಿ ಮುಗಿಸದಿದ್ದರೂ. ಎದುರಿಗೆ ಪೊಲೀಸ್ ಕಾರು ಕಂಡರೆ, ನಾನು ಫುಟ್‌ಪಾತಿನಲ್ಲಿ ನಡೆಯುತ್ತಿದ್ದರೂ ಒಮ್ಮೆ ನಿಧಾನ ಮಾಡುತ್ತಿದ್ದೆ. ಮನೆಯಲ್ಲಿ ಈ ಭಯವಿಲ್ಲದವಳು ಮಗಳು ನಿಸರ್ಗಾ ಒಬ್ಬಳೇ. ಒಂಬತ್ತು ವರ್ಷ, ಹುಟ್ಟಿದ್ದೇ ಇಲ್ಲಿ, ಹುಟ್ಟಿದ ದಿನವೇ ಸಿಟಿಜನ್ನು.

ಶನಿವಾರ ಬೆಳಿಗ್ಗೆ ಫ್ರೀವೇ ಹಿಡಿದು ಪೂರ್ವಕ್ಕೆ ಹೊರಟೆವು. ಎರಡೂವರೆ ಗಂಟೆಯ ದಾರಿಯನ್ನು ನಾನು ಮೂರೂಮುಕ್ಕಾಲು ಗಂಟೆ ಮಾಡಿದೆ. ಬಯಲು ಮುಗಿದು ಗುಡ್ಡ ಶುರುವಾಗುವ ಕಡೆ ಹೊಳೆ. ಕಾರು ನಿಲ್ಲಿಸಿದ ಜಾಗದಲ್ಲೇ ಹಾವಿನ ಚಿತ್ರ ಬರೆದ ಹಲಗೆಯೊಂದಿತ್ತು. ಇನ್ನೊಂದರಲ್ಲಿ ಚಿರತೆಯಂಥ ಪ್ರಾಣಿ. ಮೂರನೆಯದನ್ನು ಓದುವ ಧೈರ್ಯ ನನಗಾಗಲಿಲ್ಲ. ಆ ಮೂರನೆಯದನ್ನೇ ನಾನು ಓದಬೇಕಾಗಿತ್ತು.

ವೇದಾ ಮೊಣಕಾಲು ನೀರಿಗಿಳಿದು ಒಂದು ಬಂಡೆಯ ಪಕ್ಕ ಕೂತಳು. ಮಂಡ್ಯದ ತವರುಮನೆಯಲ್ಲಿ ಅಕ್ಕಿ ಜಾಲಿಸಿ ಕಲ್ಲು ತೆಗೆದ ಕೈ ಅದು. ತಟ್ಟೆಗೆ ಮರಳು ತುಂಬಿ, ನೀರಲ್ಲಿ ಅದ್ದಿ, ಮಣಿಕಟ್ಟು ತಿರುಗಿಸಿ, ಹಗುರವಾದದ್ದನ್ನು ಹೊಳೆಗೆ ಬಿಟ್ಟು ಭಾರವಾದದ್ದನ್ನು ತಳದಲ್ಲಿ ಉಳಿಸಿಕೊಳ್ಳುತ್ತಿದ್ದಳು. ಅರ್ಧ ಗಂಟೆಯಲ್ಲಿ ಕರಿಮರಳಿನ ನಡುವೆ ಮೂರು ಚುಕ್ಕೆ ಹೊಳೆದವು. ಅವಳು ಕೂಗಿದ ಕೂಗಿಗೆ ಆಚೆ ದಡದ ಹಕ್ಕಿಗಳು ಎದ್ದವು. ನಾನು ಹಾವೇ ಕಚ್ಚಿತೆಂದುಕೊಂಡು ಕಾರಿನ ಕಡೆ ಹತ್ತು ಹೆಜ್ಜೆ ಓಡಿದ್ದೆ (ಫಸ್ಟ್ ಏಡ್ ಡಬ್ಬಿ ತರಲು ಎಂದು ಆಮೇಲೆ ಹೇಳಿದೆ).

"ಸುಮ್ನೆ ನಿಂತ್ಕೊಂಡ್ರೆ ಆಗಲ್ಲ. ಆ ಬಂಡೆ ಎಡಕ್ಕಿರೋ ಸಂದಿಗೆ ಕೈ ಹಾಕಿ ಮಣ್ಣು ತೆಗೀರಿ. ಸಂದೀಲೇ ಚಿನ್ನ ಕೂರೋದಂತೆ."

ಸಂದಿ ಕಪ್ಪಗಿತ್ತು, ತಣ್ಣಗಿತ್ತು, ಒಳಗೆ ಯಾರೋ ಸಂಸಾರ ಹೂಡಿದ್ದಾರೆ ಎನ್ನುವ ಹಾಗಿತ್ತು. ನಾನು ಬೆರಳು ಚಾಚಿದೆ, ಹಿಂದೆಗೆದೆ. ಮತ್ತೆ ಚಾಚಿದೆ, ಮತ್ತೆ ಹಿಂದೆಗೆದೆ. ಕೊನೆಗೆ ವೇದಾ ಅತ್ತ ತಿರುಗಿದ್ದಾಗ ಊಟದ ಬ್ಯಾಗಿನಿಂದ ಬಿಸಿಬೇಳೆಬಾತಿನ ಸೌಟನ್ನು ತೆಗೆದು, ಅದರಲ್ಲಿ ಸಂದಿಯ ಮಣ್ಣನ್ನು ಬಗೆದು ನನ್ನ ತಟ್ಟೆಗೆ ಹಾಕಿದೆ. ಜಾಲಿಸಿದೆ. ಅರ್ಧ ಮಣ್ಣು ಹೊಳೆಗೆ, ಅರ್ಧ ನನ್ನ ಪ್ಯಾಂಟಿಗೆ. ಆದರೆ ತಳದಲ್ಲಿ ಸಾಸಿವೆಕಾಳಿನಷ್ಟು ದಪ್ಪದ ಒಂದು ಹಳದಿ ಹರಳು ಮಿನುಗಿತು. ವೇದಾಳ ಮೂರೂ ಚುಕ್ಕೆ ಸೇರಿದರೂ ಅದರ ಕಾಲು ಭಾಗವಾಗುತ್ತಿರಲಿಲ್ಲ. ಬೆರಳ ತುದಿಗೆ ಅಂಟಿಸಿಕೊಂಡು ಬಿಸಿಲಿಗೆ ಹಿಡಿದೆ. ನಿಜ ಹೇಳುತ್ತೇನೆ, ಹನ್ನೆರಡು ವರ್ಷದಲ್ಲಿ ಮೊದಲ ಸಲ ನನಗೆ ಭಯವೆಂಬುದೇ ಮರೆತುಹೋಯಿತು.

ಆಗ ನಿಸರ್ಗಾ ಮೇಲಿನಿಂದ ಇಳಿದು ಬಂದಳು.

"ಅಪ್ಪಾ, ದಿ ಬೋರ್ಡ್ ಸೇಸ್ ನೋ ಟೂಲ್ಸ್. ಓನ್ಲಿ ಹ್ಯಾಂಡ್ಸ್ ಆಂಡ್ ಪ್ಯಾನ್."

"ಸೌಟು ಟೂಲ್ ಅಲ್ಲ ಪುಟ್ಟಿ. ಪಾತ್ರೆ."

"ಆರ್ ಯು ಡಿಗ್ಗಿಂಗ್ ವಿತ್ ಇಟ್?"

ನಾನು ಸೌಟಿಗೆ ಅಂಟಿದ್ದ ಮಣ್ಣನ್ನು ಪ್ಯಾಂಟಿಗೆ ಒರೆಸಿದೆ.

"ದೆನ್ ಇಟ್ಸ್ ಎ ಟೂಲ್" ಎಂದು ತೀರ್ಪು ಕೊಟ್ಟವಳು, "ಆಂಡ್ ದಿ ರೇಂಜರ್ ಈಸ್ ಕಮಿಂಗ್" ಎಂದಳು.

ನೋಡಿದೆ. ಅಗಲ ಟೋಪಿ, ಸೊಂಟದ ಪಟ್ಟಿಯಲ್ಲಿ ಏನೇನೋ ನೇತಾಡುತ್ತಿದ್ದ ಆರೂಕಾಲು ಅಡಿಯ ಸರ್ಕಾರ ನೇರವಾಗಿ ನಮ್ಮ ಕಡೆಗೇ ಇಳಿದು ಬರುತ್ತಿತ್ತು. ಒಂದು ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಕೈಕೋಳ, ಕೋರ್ಟು, ಬೆಂಗಳೂರಿನ ಒನ್‌ವೇ ಟಿಕೆಟ್ಟು ಎಲ್ಲ ಸಾಲಾಗಿ ಹಾದುಹೋದವು. ಸೌಟಿನ ಹಿಡಿಯನ್ನು ಕಾಲರಿನ ಹಿಂದಿನಿಂದ ಅಂಗಿಯೊಳಗೆ ಇಳಿಸಿದೆ. ಹಿಡಿ ಬೆನ್ನಿಗೆ ತಣ್ಣಗೆ ಅಂಟಿಕೊಂಡಿತು, ಸೌಟಿನ ಬಟ್ಟಲು ಕತ್ತಿನ ಹಿಂದೆ ನಿಂತಿತು. ಉಳಿದದ್ದು ಬೆರಳ ತುದಿಯ ಚಿನ್ನ. ರೇಂಜರು ನಾಲ್ಕು ಹೆಜ್ಜೆ ದೂರದಲ್ಲಿದ್ದಾನೆ. ಬೆರಳನ್ನು ಬಾಯಿಗಿಟ್ಟೆ. ನುಂಗಿದೆ.

ರೇಂಜರು ಟೋಪಿ ಮುಟ್ಟಿ ನಮಸ್ಕಾರ ಹೇಳಿದ. ಇವತ್ತು ಮೂರು ಗಂಟೆಗೆ ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ಅಷ್ಟರಲ್ಲಿ ದಡ ಹತ್ತಿಬಿಡಿ ಎಂದು ತಿಳಿಸಲು ಬಂದವನು ಅವನು. ವೇದಾಳ ತಟ್ಟೆಗೆ ಬಗ್ಗಿ ನೋಡಿ, "ಮೊದಲ ಸಲವೇ ಮೂರು! ಭೇಷ್! ಇಟ್ಟುಕೊಳ್ಳಿ, ಅದು ನಿಮ್ಮದೇ" ಎಂದ.

ಇಟ್ಟುಕೊಳ್ಳಬಹುದಿತ್ತು! ನನ್ನ ಗಂಟಲಲ್ಲಿ ಚಿನ್ನ ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಒಂದೇ ಒಂದು ಎಚ್ಚರಿಕೆ" ಎಂದು ಅವನು ಮುಂದುವರಿಸಿದ. "ಹಳೇ ಕಾಲದ ಗಣಿಯವರು ಚಿನ್ನ ಹಿಡಿಯಲು ಪಾದರಸ ಸುರಿಯುತ್ತಿದ್ದರು. ಅದು ಇನ್ನೂ ತಳದಲ್ಲಿದೆ. ಇಲ್ಲಿಯ ಯಾವುದನ್ನೂ ಬಾಯಿಗೆ ಮಾತ್ರ ಹಾಕಬೇಡಿ."

ನನ್ನ ಮುಖದ ಬಣ್ಣ ಏನಾಯಿತೋ ಗೊತ್ತಿಲ್ಲ. ಅವನು ನನ್ನ ಕಡೆ ತಿರುಗಿ, "ಸರ್, ಕುತ್ತಿಗೆ ಯಾಕೆ ಹಾಗೆ ನೆಟ್ಟಗಿದೆ? ನೋವಾ?" ಎಂದು ಕೇಳಿದ.

"ಯೆಸ್" ಎಂದೆ. ಸರ್ಕಾರಿ ಅಧಿಕಾರಿಗೆ ಸುಳ್ಳು ಹೇಳಿದ್ದು, ಎರಡನೇ ಅಪರಾಧ.

ಅವನು ಮರೆಯಾದ ಮೇಲೆ ವೇದಾ ನನ್ನ ಬೆನ್ನಿನಿಂದ ಸೌಟು ಎಳೆದಳು.

"ಏನಾಯ್ತ್ರೀ ನಿಮಗೆ?"

"ನುಂಗಿಬಿಟ್ಟೆ."

"ಏನನ್ನ?"

"ಚಿನ್ನಾನ. ನಿಂದಕ್ಕಿಂತ ದೊಡ್ಡದು ಸಿಕ್ಕಿತ್ತು."

"ಯಾಕ್ರೀ ನುಂಗಿದ್ರಿ?"

"ಸಾಕ್ಷಿ ಇರಬಾರದು ಅಂತ."

ಅವಳು ಬಂಡೆಯ ಮೇಲೆ ಕೂತು, ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದ ಹಾಗೆ ಸೆರಗಿಲ್ಲದ ಟೀ ಶರ್ಟಿನಲ್ಲೇ ಮುಖ ಮುಚ್ಚಿಕೊಂಡಳು.

ಕಾರಿನಿಂದಲೇ ವಿಷದ ಸಹಾಯವಾಣಿಗೆ ಫೋನು ಮಾಡಿದೆವು. ನರ್ಸಮ್ಮ ಎಲ್ಲ ಕೇಳಿಕೊಂಡು, ಅಷ್ಟು ಚಿಕ್ಕದಕ್ಕೆ ಹೆದರಬೇಡಿ, ಅದು ತನ್ನ ದಾರಿ ಹಿಡಿದು ಹೋಗುತ್ತದೆ, ಹೊಟ್ಟೆನೋವು ಬಂದರೆ ಡಾಕ್ಟರಿಗೆ ತೋರಿಸಿ ಎಂದಳು. ಕೊನೆಗೆ, "ಬೇಕೆಂದೇ ನುಂಗಿದಿರೋ, ಆಕಸ್ಮಿಕವಾಗಿಯೋ?" ಎಂದು ಕೇಳಿದಳು. ಈ ಕರೆ ರೆಕಾರ್ಡ್ ಆಗುತ್ತದೆ ಎಂದು ಶುರುವಿನಲ್ಲೇ ಹೇಳಿದ್ದರು. ನಾನು ಫೋನು ಕಟ್ ಮಾಡಿದೆ.

ಪಾದರಸದ ಭಯ ಭಾನುವಾರಕ್ಕೆ ಇಳಿಯಿತು. ಅದರ ಜಾಗದಲ್ಲಿ ದೊಡ್ಡದು ಬಂದು ಕೂತಿತು. ಗ್ರೀನ್ ಕಾರ್ಡಿನ ಅರ್ಜಿಯಲ್ಲಿ ಒಂದು ಪ್ರಶ್ನೆಯಿದೆ. ಅರೆಸ್ಟ್ ಆಗದಿದ್ದರೂ ಸರಿಯೇ, ನೀವು ಎಂದಾದರೂ ಅಪರಾಧ ಮಾಡಿದ್ದೀರಾ? ಅರ್ಜಿ ಹಾಕುವಾಗ ಧೈರ್ಯವಾಗಿ "ಇಲ್ಲ" ಎಂದು ಬರೆದಿದ್ದೆ. ಗುರುವಾರ ಅದನ್ನೇ ಬಲಗೈ ಎತ್ತಿ ಪ್ರಮಾಣ ಮಾಡಿ ಹೇಳಬೇಕು.

"ಸೌಟಲ್ಲಿ ಮಣ್ಣು ತೆಗೆದದ್ದು ಅಪರಾಧ ಆದ್ರೆ ನಮ್ಮ ಇಡೀ ಮಂಡ್ಯ ಜೈಲಲ್ಲಿರಬೇಕು" ಎಂದಳು ವೇದಾ. "ಬಾಯಿ ಮುಚ್ಕೊಂಡು 'ನೋ' ಅನ್ನಿ."

"ಬಾಯಿ ಮುಚ್ಕೊಂಡು ಹೆಂಗೆ 'ನೋ' ಅನ್ನಲಿ?"

"ನಿಮ್ಮ ಜೊತೆ ನನ್ನ ಅರ್ಜೀನೂ ಇದೆ, ನೆನಪಿರಲಿ. ನೀವು ಮುಳುಗಿದ್ರೆ ನಾನೂ ಮುಳುಗ್ತೀನಿ."

ಅಲ್ಲೇ ಹೋಂವರ್ಕ್ ಮಾಡುತ್ತಿದ್ದ ನಿಸರ್ಗಾ ತಲೆಯೆತ್ತದೆ, "ಐ ಕ್ಯಾನ್ ಸ್ಟೇ. ಐ ಆಮ್ ಎ ಸಿಟಿಜನ್" ಎಂದಳು. ಪೆನ್ಸಿಲ್ ಕೆಳಗಿಟ್ಟಳು. ಆಮೇಲೆ ಬಂದು ನನ್ನ ತೋಳಿಗೆ ಆತುಕೊಂಡು, ಅಪರೂಪಕ್ಕೆ ಕನ್ನಡದಲ್ಲಿ, "ನೀನು ಹೋಗ್ಬೇಡ ಅಪ್ಪ" ಎಂದಳು. ಆ ಗಳಿಗೆಯಲ್ಲಿ ನಿಶ್ಚಯ ಮಾಡಿದೆ: ಗುರುವಾರ ನನ್ನ ಬಾಯಿಂದ ಹೊರಡುವುದು "ನೋ" ಒಂದೇ.

ಇಂಟರ್‌ವ್ಯೂ ಕೋಣೆಯಲ್ಲಿ ಮೇಜಿನ ಆಚೆ ಕೂತಿದ್ದ ಅಧಿಕಾರಿಣಿಗೆ ಅರವತ್ತರ ಹತ್ತಿರ ವಯಸ್ಸು. ಬೆಳ್ಳಿಗೂದಲು, ಮೂಗಿನ ತುದಿಯಲ್ಲಿ ಕನ್ನಡಕ, ಮುಖದಲ್ಲಿ ಯಾವ ಸುದ್ದಿಯೂ ಇಲ್ಲ. ಪ್ರಮಾಣವಾಯಿತು. ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಭಯೋತ್ಪಾದಕ ಸಂಘದಲ್ಲಿದ್ದೀರಾ? ನೋ. ಸರ್ಕಾರ ಉರುಳಿಸುವ ಸಂಚು ಮಾಡಿದ್ದೀರಾ? ನೋ. (ಮನೆಯ ಸರ್ಕಾರವನ್ನೇ ಅಲ್ಲಾಡಿಸಲು ಆಗದವನು!) ಎಂದಾದರೂ ಅಪರಾಧ ಮಾಡಿದ್ದೀರಾ?

ನಾನು "ನೋ" ಎನ್ನಲು ಬಾಯಿ ತೆರೆದೆ. ಮೇಜಿನ ಕೆಳಗೆ ವೇದಾಳ ಚಪ್ಪಲಿ ನನ್ನ ಕಾಲಬೆರಳ ಮೇಲೆ ಒತ್ತಿ ಕೂತಿತ್ತು.

"ಒಂದು ಸೌಟು" ಎಂದೆ.

ಆಮೇಲೆ ನನ್ನ ಬಾಯಿ ನನ್ನ ಅಪ್ಪಣೆ ಕೇಳಲಿಲ್ಲ. ಹೊಳೆ, ಸಂದಿ, ಹಾವಿನ ಹಲಗೆ, ಬಿಸಿಬೇಳೆಬಾತು ಎಲ್ಲ ಹೊರಗೆ ಬಂತು. ಕುತ್ತಿಗೆ ನೋವಿನ ಸುಳ್ಳನ್ನೂ ಬಿಡಲಿಲ್ಲ. ವೇದಾ ಕಣ್ಣು ಮುಚ್ಚಿ ಕೂತಿದ್ದಳು. ಅಧಿಕಾರಿಣಿ ಪೆನ್ನು ಕೆಳಗಿಟ್ಟರು.

"ಚಿನ್ನ ಸಿಕ್ಕಿತೇ?"

"ಸಾಸಿವೆಯಷ್ಟು."

"ಎಲ್ಲಿದೆ ಅದು?"

"ತಿಂದುಬಿಟ್ಟೆ, ಮೇಡಂ."

ಆಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹೊಳೆಯ ಯಾವ ಕವಲು ಎಂದು ಕೇಳಿದರು. ಹೇಳಿದೆ. ಕಾರು ನಿಲ್ಲಿಸುವ ಜಾಗದಿಂದ ಎಷ್ಟು ದೂರ? ಹೇಳಿದೆ. ಬಂಡೆಯ ಯಾವ ಪಕ್ಕ? "ಎಡಕ್ಕೆ" ಎಂದೆ. ಪ್ರತಿಯೊಂದನ್ನೂ ಒಂದು ಹಳದಿ ಚೀಟಿಯಲ್ಲಿ ಬರೆದುಕೊಂಡರು. ಅಪರಾಧ ನಡೆದ ಸ್ಥಳದ ಪಂಚನಾಮೆ! ಬೆವರು ನನ್ನ ಕಾಲುಚೀಲದವರೆಗೆ ಇಳಿಯಿತು. ಆಕೆ ಚೀಟಿಯನ್ನು ಮಡಿಚಿದರು, ಫೈಲನ್ನು ಮುಚ್ಚಿದರು.

"ಸೌಟು ಇಲ್ಲಿಯ ಲೆಕ್ಕಕ್ಕೆ ಬರುವುದಿಲ್ಲ. ಇಬ್ಬರದೂ ಮಂಜೂರಾಗಿದೆ. ಕಾರ್ಡು ಕೆಲವು ವಾರದಲ್ಲಿ ಪೋಸ್ಟಿನಲ್ಲಿ ಬರುತ್ತದೆ."

ಹೊರಗೆ ಫುಟ್‌ಪಾತಿನಲ್ಲಿ ವೇದಾ ನನ್ನ ಕೈ ಹಿಡಿದುಕೊಂಡೇ ಅರ್ಧ ಮೈಲಿ ಬೈದಳು. ಅಷ್ಟು ಸಿಹಿಯಾದ ಬೈಗುಳ ನಾನು ಕೇಳಿರಲಿಲ್ಲ.

ಎರಡು ದಿನ ಬಿಟ್ಟು, ಶನಿವಾರ, ಮತ್ತೆ ಹೊಳೆಗೆ ಹೋದೆವು. ಈ ಸಲ ನಾನೇ ಹೊರಡಿಸಿದ್ದು. ಮೂರನೆಯ ಹಲಗೆಯನ್ನು ಎರಡು ಸಲ ಓದಿದೆ. ಸಂದಿಗೆ ಬರಿಗೈ ಹಾಕುತ್ತೇನೆ ಎಂದು ಮಗಳ ಮುಂದೆ ಎದೆಯುಬ್ಬಿಸಿ ಹೇಳಿದೆ. ಕೆಳಗಿಳಿದು ನೋಡಿದರೆ ನಮ್ಮ ಬಂಡೆಯ ಪಕ್ಕ ಯಾರೋ ನಮಗೆ ಬೆನ್ನು ಮಾಡಿ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ತಟ್ಟೆ ತಿರುಗಿಸುತ್ತಾ ಕೂತಿದ್ದಾರೆ.

"ಹೋಗಿ ಹೇಳ್ರೀ, ಅದು ನಮ್ಮ ಜಾಗ ಅಂತ" ಎಂದಳು ವೇದಾ. "ಇನ್ನೇನು ಭಯ ನಿಮಗೆ?"

ಹೋದೆ. ಗಂಟಲು ಸರಿಮಾಡಿಕೊಂಡೆ. ಬೂಟಿನವರು ತಿರುಗಿದರು. ಬೆಳ್ಳಿಗೂದಲು, ಮೂಗಿನ ತುದಿಯಲ್ಲಿ ಕನ್ನಡಕ.

"ಓ, ನೀವಾ!" ಎಂದರು ಅಧಿಕಾರಿಣಿ. ಮುಖದಲ್ಲಿ ಈಗ ಸುದ್ದಿಯಿತ್ತು, ಅದು ಒಳ್ಳೆಯ ಸುದ್ದಿಯಾಗಿರಲಿಲ್ಲ. "ಬಂಡೆಯ ಎಡಕ್ಕೆ ಎಂದು ಪ್ರಮಾಣ ಮಾಡಿ ಹೇಳಿದಿರಿ. ಬೆಳಿಗ್ಗೆಯಿಂದ ನೋಡುತ್ತಿದ್ದೇನೆ, ಎಡಕ್ಕೆ ಏನೂ ಇಲ್ಲ."

"ಎದುರಿನಿಂದ ನೋಡಿದರೆ ಎಡ, ಮೇಡಂ" ಎಂದೆ ತೊದಲುತ್ತಾ. "ಇಲ್ಲಿಂದ ಅದು ಬಲ..."

"ಹಾಗಾದರೆ ಬಲಗಡೆಯ ಕಲ್ಲುಗಳನ್ನು ಸರಿಸಬೇಕಲ್ಲ" ಎಂದು ನನ್ನ ಕೈಗಳನ್ನೇ ನೋಡಿದರು.

ಸಂಜೆಯವರೆಗೂ ನಾನು ಆಕೆಗೆ ಕಲ್ಲು ಎತ್ತಿಕೊಟ್ಟೆ. ಮೇಲೆ ಮರದ ನೆರಳಿನಲ್ಲಿ ಹೆಂಡತಿ ಮಗಳು ಚಿತ್ರಾನ್ನ ತಿನ್ನುತ್ತಾ ನೋಡುತ್ತಿದ್ದರು. "ಸಾಕು ಬನ್ರೀ" ಎಂದು ವೇದಾ ಎರಡು ಸಲ ಕೂಗಿದಳು. ಹೇಗೆ ಬರಲಿ? ಕಾರ್ಡು ಇನ್ನೂ ಪೋಸ್ಟಿನಲ್ಲಿ ಬರಬೇಕಿತ್ತು.