ಮುಲುಂಡಿನ ಮದುವೆ ಕೇಕು

ಕೇಕು ಕಂಡರೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ನನಗೆ ಮೈ ಉರಿಯುತ್ತದೆ. ಯಾಕೆ ಎಂದು ಕೇಳಿ. ದಯವಿಟ್ಟು ಕೇಳಿ, ಮನೆಯಲ್ಲಂತೂ ನನ್ನ ಮಾತು ಕೇಳುವವರು ಯಾರೂ ಇಲ್ಲ.

ನನ್ನ ತಂಗಿ ಅಪ್ಪಿಗೆ ಮದುವೆ ನಿಶ್ಚಯವಾಗಿತ್ತು. ಬೆಳಿಗ್ಗೆ ಧಾರೆ, ಸಂಜೆ ನಮ್ಮ ಮುಲುಂಡಿನ ಬಿಲ್ಡಿಂಗಿನ ಟೆರೇಸಿನ ಮೇಲೆ ಆರತಕ್ಷತೆ. ಸಂಜೆಗೆ ನಮ್ಮ ಆಫೀಸಿನ ಮ್ಯಾನೇಜರ್ ಖಂಬಾಟಾ ಸಾಹೇಬರು ಬರಲು ಒಪ್ಪಿದ್ದರು. ಪಾರ್ಸಿ ಜನ, ಭೋಜನಪ್ರಿಯರು. ಖಾಲಿ ಬಿದ್ದಿದ್ದ ಹೆಡ್ ಕ್ಲಾರ್ಕ್ ಹುದ್ದೆಗೆ ಹೆಸರು ಬರೆಯಬೇಕಾದ ಕೈ ಅವರದೇ. ಆ ಹುದ್ದೆಯ ಮೇಲೆ ನನಗೆ ಎಷ್ಟು ಆಸೆಯಿತ್ತೆಂದರೆ ಲೋಕಲ್ ಟ್ರೇನಿನಲ್ಲಿ ನಿಂತೇ ನಿದ್ದೆ ಹೋದಾಗಲೂ ಅದೇ ಕನಸು.

"ಕ್ಯಾ ಮೂರ್ತಿ, ಶಾದಿಯಲ್ಲಿ ಕೇಕು ಇರುತ್ತದೋ, ಖಾಲಿ ಲಡ್ಡುವೋ?" ಎಂದು ಸಾಹೇಬರು ಲಿಫ್ಟಿನ ಮುಂದೆ ತಮಾಷೆಗೆ ಕೇಳಿದರು.

ಎಲುಬಿಲ್ಲದ ನಾಲಿಗೆ ನೋಡಿ. "ಇರುತ್ತೆ ಸಾರ್! ಮನೆಯಲ್ಲೇ ಮಾಡ್ತೀವಿ. ನಾನೇ ಮಾಡ್ತೀನಿ!" ಎಂದುಬಿಟ್ಟೆ. (ನನ್ನ ಹೆಸರು ಸತ್ಯಮೂರ್ತಿ. ಇಟ್ಟ ಅಪ್ಪನದು ತಪ್ಪಿಲ್ಲ.)

ಮನೆಗೆ ಬಂದು ಈ ಮಂಗಳವಾರ್ತೆಯನ್ನು ಘೋಷಿಸಿದಾಗ ನನ್ನ ಹೆಂಡತಿ ಶಾಮಲಾ ಸಾರಿನ ಸೌಟನ್ನು ಕೆಳಗಿಟ್ಟಳು.

"ರೀ, ನಿಮಗೆ ಕಾಫಿ ಬೆರೆಸೋಕೆ ಬರಲ್ಲ. ಮದುವೆ ಕೇಕ್ ಮಾಡ್ತೀರಾ?"

"ಕಾಫಿ ಬೇರೆ, ಕಲೆ ಬೇರೆ," ಎಂದೆ.

ಒಳಗಿನಿಂದ ಅಮ್ಮನ ದನಿ ಬಂತು. "ಅದಕ್ಕೆ ಮೊಟ್ಟೆ ಹಾಕ್ತಾರಲ್ವೇನೋ? ಮೊಟ್ಟೆ ಈ ಹೊಸ್ತಿಲು ದಾಟಿದ್ರೆ ನಾನು ಮೈಸೂರಿನ ಗಾಡಿ ಹತ್ತಿದೆ ಅಂತ ತಿಳ್ಕೋ!"

ಕೆಳಗಿನ ಮನೆಯ ಸೆವ್ರಿನ್ ಬಾಯಿ ಮಂಗಳೂರಿನ ಕಡೆಯವರು. ಕ್ರಿಸ್ಮಸ್ಸಿಗೆ ಅವರ ಮನೆಯ ಕೇಕಿನ ಘಮ ನಮ್ಮ ದೇವರ ಮನೆಯವರೆಗೂ ಬರುತ್ತಿತ್ತು. ಅವರ ಬಳಿಗೆ ಶಿಷ್ಯವೃತ್ತಿಗೆ ಹೋದೆ.

"ಮೊಟ್ಟೆ ಇಲ್ಲದೆ ಎಂಥ ಕೇಕು ಮಾರಾಯ್ರೇ!" ಎಂದು ಅವರು ನಕ್ಕರು. "ಆಯ್ತು, ಮೊಸರು, ಸೋಡಾ ಹಾಕಿ ನೋಡುವ. ದ್ರಾಕ್ಷಿಗೆ ಒಂದು ಚಮಚ ಬ್ರಾಂಡಿ ಬೇಕಿತ್ತು..."

ಬ್ರಾಂಡಿಗೆ ಈ ರಾಜ್ಯದಲ್ಲಿ ಪರ್ಮಿಟ್ ಬೇಕು, ಮೊಟ್ಟೆಗೆ ನಮ್ಮ ಮನೆಯಲ್ಲಿ ಬೇಕು. ಎರಡೂ ಸಿಗುವ ಹಾಗಿರಲಿಲ್ಲ. ಮೋಸಂಬಿ ರಸಕ್ಕೆ ಒಪ್ಪಂದವಾಯಿತು.

"ಒಂದು ಮಾತು ನೆನಪಿಡಿ," ಎಂದರು ಬಾಯಿ. "ಮಾಡಿದ ಕೂಡಲೇ ತಿನ್ನಬಾರದು. ಡಬ್ಬದಲ್ಲಿ ಮುಚ್ಚಿ ಒಂದು ವಾರ ಇಡಬೇಕು. ಮದುವೆ ಕೇಕು ಹಳೆಯದಾದಷ್ಟೂ ರುಚಿ."

ಅಡುಗೆಮನೆಗೆ ಅಮ್ಮ ನನ್ನನ್ನು ಸೇರಿಸಲಿಲ್ಲ. ಗ್ಯಾಲರಿಯಲ್ಲೇ ನನ್ನ ಯಾಗಶಾಲೆ. ಇದ್ದಿಲ ಒಲೆ, ಅದರ ಮೇಲೆ ಮರಳು ತುಂಬಿದ ದೊಡ್ಡ ತಪ್ಪಲೆ, ಮರಳಿನೊಳಗೆ ಕೇಕಿನ ಪಾತ್ರೆ, ಮುಚ್ಚಳದ ಮೇಲೂ ಕೆಂಡ. ಹೊಗೆ ನೋಡಿ ಎದುರಿನ ಬಿಲ್ಡಿಂಗಿನವರು ಕೊಡಪಾನ ಹಿಡಿದು ಓಡಿ ಬಂದರು. ಮೊದಲ ಕೇಕಿನ ಮೇಲ್ಭಾಗ ಇದ್ದಿಲು, ಒಳಭಾಗ ಗಂಜಿ. ಎರಡನೆಯದನ್ನು ಕತ್ತರಿಸಲು ಹೋಗಿ ಚಾಕುವಿನ ಹಿಡಿ ಕೈಯಲ್ಲೇ ಉಳಿಯಿತು. "ಒಗೆಯೋ ಕಲ್ಲು ಸವೆದಿತ್ತು, ಇರಲಿ ಬಿಡಿ," ಎಂದಳು ಶಾಮಲಾ.

ಆದರೆ ಮೂರನೆಯದು! ಕಂದು ಬಣ್ಣ, ಉಬ್ಬಿದ ಮೈ, ನಡುನಡುವೆ ಇಣುಕುವ ದ್ರಾಕ್ಷಿ. ಸೆವ್ರಿನ್ ಬಾಯಿ ಮೂಸಿ ನೋಡಿ "ಪರವಾಗಿಲ್ಲ" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಅದನ್ನು ಬಿಸ್ಕತ್ತಿನ ಡಬ್ಬದಲ್ಲಿಟ್ಟು, ಬಟ್ಟೆ ಕಟ್ಟಿ, ಅಟ್ಟದ ಮೇಲೆ ಏರಿಸಿ, "ಯಾರೂ ಮುಟ್ಟಕೂಡದು" ಎಂದು ಆಜ್ಞೆ ಹೊರಡಿಸಿದೆ. ಆಫೀಸಿನಲ್ಲಿ ಸಾಹೇಬರಿಗೂ ವರದಿ ಒಪ್ಪಿಸಿದೆ: "ಕೇಕು ಹದಕ್ಕೆ ಬರುತ್ತಿದೆ ಸಾರ್."

ಮದುವೆಯ ದಿನ ಧಾರೆ ಸಾಂಗವಾಗಿ ಮುಗಿಯಿತು. ಸಂಜೆ ಅಟ್ಟ ಹತ್ತಿ ಡಬ್ಬ ಇಳಿಸಿದೆ. ಹಗುರವಾಗಿತ್ತು. ತೆಗೆದರೆ ತೊಳೆದು ಒರೆಸಿಟ್ಟ ಹಾಗೆ ಫಳಫಳ ಹೊಳೆಯುತ್ತಿತ್ತು.

"ಅಮ್ಮಾ! ಕೇಕು?"

"ಅದಾ?" ಅಮ್ಮ ಅರಿಸಿನ ಕುಂಕುಮದ ತಟ್ಟೆ ಜೋಡಿಸುತ್ತಲೇ ಹೇಳಿದಳು. "ಬೆಳಿಗ್ಗೆ ಎದ್ದು ಅಟ್ಟ ಗುಡಿಸ್ದಾಗ ಸಿಕ್ತು. ಒಂದು ವಾರದ ತಂಗಳು ಕಣೋ! ಮದುವೆ ಮನೇಲಿ, ಬೀಗರಿಗೆ ತಂಗಳು ಬಡಿಸ್ತಾರೇನೋ? ನಮ್ಮ ವಂಶದಲ್ಲಿ ಯಾರೂ ಮಾಡಿಲ್ಲ. ಹಿಂದಿನ ತಬೇಲದ ಎಮ್ಮೆಗೆ ಹಾಕ್ದೆ."

"ಎಮ್ಮೆಗಾ!"

"ಚೆನ್ನಾಗಿ ತಿಂತು ಪಾಪ. ಬಟ್ಟೇನೂ ನೆಕ್ಕಿತು."

ನಾನು ಅಲ್ಲೇ ಜಮಖಾನದ ಮೇಲೆ ಕುಸಿದೆ. ನನ್ನ ಕೈರುಚಿಯನ್ನು ಮೆಚ್ಚಿದ ಏಕೈಕ ಪ್ರಾಣಿಯ ಕೈಯಲ್ಲಿ ಹೆಡ್ ಕ್ಲಾರ್ಕ್ ಹುದ್ದೆ ಇರಲಿಲ್ಲ. ಸಾಹೇಬರು ಬರುವ ಹೊತ್ತಾಗಿತ್ತು. "ನನ್ನ ಮಾನ ಹೋಯ್ತು, ಶಾಮಲಾ! ಎಲ್ಲಾ ಹೋಯ್ತು!"

ಶಾಮಲಾ ನನ್ನ ಕಡೆ ನೋಡಲೂ ಇಲ್ಲ. ಸೆರಗು ಸಿಕ್ಕಿಸಿಕೊಂಡು ಅಡಿಗೆಯವರ ಬಳಿಗೆ ಹೋದಳು. ಮಾರನೆಯ ದಿನದ ತಿಂಡಿಗೆಂದು ರುಬ್ಬಿಟ್ಟಿದ್ದ ಇಡ್ಲಿ ಹಿಟ್ಟು ಆಗಷ್ಟೇ ಉಬ್ಬಿತ್ತು. ಅದಕ್ಕೆ ಸಕ್ಕರೆ, ಏಲಕ್ಕಿ, ಚಿಟಿಕೆ ಸೋಡಾ ಬೆರೆಸಿದಳು. ದೊಡ್ಡ ಪಾತ್ರೆಯಲ್ಲಿ ಒಂದು, ಸಣ್ಣ ಪಾತ್ರೆಯಲ್ಲಿ ಒಂದು ಎರೆದು ಹಬೆಗಿಟ್ಟಳು. ಬೆಂದ ಮೇಲೆ ಒಂದರ ಮೇಲೊಂದು ಕೂರಿಸಿ, ಪೇಡೆಗೆ ತಂದಿದ್ದ ಖೋವಾ ಸವರಿ, ಸಂಕ್ರಾಂತಿಯಿಂದ ಉಳಿದಿದ್ದ ಸಕ್ಕರೆ ಅಚ್ಚಿನ ಎರಡು ಗಿಳಿಗಳನ್ನು ನೆತ್ತಿಯ ಮೇಲೆ ನಿಲ್ಲಿಸಿದಳು.

"ಹಬೆಯಾಡುತ್ತಿದೆಯಲ್ಲೇ!" ಎಂದೆ.

"ಬೀಸಿ," ಎಂದಳು. ನಾನು ಬೀಸಣಿಗೆ ಹಿಡಿದು ಇಡ್ಲಿಗೆ ಗಾಳಿ ಹಾಕಿದೆ. ತಂಗಿಯ ಮದುವೆಯಲ್ಲಿ ಅಣ್ಣನಾದವನು ಮಾಡಿದ ಘನಕಾರ್ಯ ಅದೊಂದೇ.

ಖಂಬಾಟಾ ಸಾಹೇಬರು ಬಂದರು. "ಶುಭಕಾರ್ಯದಲ್ಲಿ ಕತ್ತರಿಸೋದೇನೋ, ಅನಿಷ್ಟ!" ಎಂದು ಅಮ್ಮ ಗೊಣಗುತ್ತಿದ್ದಂತೆಯೇ ಅಪ್ಪಿಯೂ ಅವಳ ಗಂಡನೂ ಕೇಕು ಕೊಯ್ದರು. ಚಾಕು ಸಲೀಸಾಗಿ ಇಳಿಯಿತು. ಸಾಹೇಬರು ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಹೆದರಿಕೆಯಿಂದ ನಾನೂ ಮುಚ್ಚಿದೆ.

"ವಾಹ್! ಎಷ್ಟು ಮುಲಾಯಂ! ಇಂಥ ಕೇಕು ನಾನು ಲಂಡನ್ನಿನಲ್ಲೂ ತಿಂದಿಲ್ಲ. ಕೌನ್ ಬನಾಯಾ?"

ಶಾಮಲಾ ಬಾಯಿ ತೆರೆದಳು. ಅವಳು ಸತ್ಯ ನುಡಿಯುವ ಮೊದಲೇ ಸತ್ಯಮೂರ್ತಿ ನುಡಿದ. "ನಾನೇ ಸಾರ್! ವಾರದ ಹಿಂದೆಯೇ ಮಾಡಿ, ಡಬ್ಬದಲ್ಲಿ ಹದಕ್ಕೆ ಇಟ್ಟಿದ್ದೆ."

"ಒಂದೇ ವಾರ ಇಟ್ಟರೆ ಇಷ್ಟು ರುಚಿ!" ಸಾಹೇಬರು ನನ್ನ ಬೆನ್ನು ತಟ್ಟಿದರು. "ಸುನೋ ಮೂರ್ತಿ. ಮುಂದಿನ ತಿಂಗಳು ನಮ್ಮ ಮಗಳು ಫ್ರೇನಿಯ ಶಾದಿ. ಕೇಕು ನೀನೇ ಮಾಡಬೇಕು. ನಾಳೆಯೇ ಮಾಡಿ ಗ್ರಾಂಟ್ ರೋಡಿನ ನಮ್ಮ ಮನೆಗೆ ತಂದುಬಿಡು. ಪೂರಾ ಒಂದು ತಿಂಗಳು ಡಬ್ಬದಲ್ಲಿ ಇರಲಿ. ಶಾದಿಯ ದಿನ ಸಾವಿರ ಜನರ ಎದುರಿಗೆ ನಾನೇ ತೆಗೆಯುತ್ತೇನೆ. ಆಮೇಲೆ ನಿನ್ನ ಹೆಡ್ ಕ್ಲಾರ್ಕ್ ಮಾತು."

ನನಗೆ ಟೆರೇಸು ಗಿರ್ರನೆ ತಿರುಗಿತು. ಹಿಂದೆ ತಿರುಗಿ ನೋಡಿದರೆ ಶಾಮಲಾ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು.

"ಏನಂತೆ ಇವನ ಸಾಹೇಬರಿಗೆ?" ಎಂದು ಅಮ್ಮ ಕೇಳಿದಳು.

"ನಮ್ಮ ಇಡ್ಲೀನ ಒಂದು ತಿಂಗಳು ಡಬ್ಬದಲ್ಲಿಟ್ಟು ಅವರ ಮಗಳ ಮದುವೇಲಿ ಹಂಚ್ತಾರಂತೆ ಅತ್ತೆ."

ಅಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡು ಸಾಹೇಬರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಬಹಳ ಕಾಳಜಿಯಿಂದ ಕೇಳಿದಳು.

"ಗ್ರಾಂಟ್ ರೋಡಲ್ಲಿ ಎಮ್ಮೆ ಇದೆಯೇನೋ ಸತ್ಯ, ವಿಚಾರಿಸಿದ್ಯಾ?"