ಬೆವರಿದ ಮೀಟರು

ನನಗೊಂದು ಕೆಟ್ಟ ಚಾಳಿಯಿದೆ. ಪಾಠ ಮಾಡಿದ್ದೆಲ್ಲ ನನಗೆ ಗೊತ್ತಿದೆಯೆಂದು ನಂಬಿಬಿಡುತ್ತೇನೆ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಹೇಳುವವನು ನಾನು. ಆವಿ ತಣ್ಣಗಾದರೆ ಹನಿಯಾಗುತ್ತದೆ ಎಂಬುದನ್ನು ಎಷ್ಟು ಮಕ್ಕಳ ತಲೆಗೆ ತುಂಬಿದ್ದೇನೋ. ಅಂಥವನ ಸ್ಕೂಟರಿನ ಮೀಟರೊಳಗೇ, ವಾಟರ್ ಸರ್ವಿಸ್ ಮಾಡಿಸಿದ ಮಾರನೆಯ ದಿನ, ಹಬೆ ಕಟ್ಟಿಕೊಂಡಿತು. ವೇಗ ಕಾಣದಿದ್ದರೆ ಚಿಂತೆಯಿಲ್ಲ, ನನ್ನ ಗಾಡಿಯನ್ನು ಸೈಕಲ್ಲುಗಳೇ ಹಿಂದೆ ಹಾಕುತ್ತವೆ. ಪೆಟ್ರೋಲ್ ಮುಳ್ಳೂ ಕಾಣದಾದದ್ದು ಕಷ್ಟವಾಯಿತು.

ಕಷ್ಟ ನನಗಲ್ಲ, ಹೆಂಡತಿ ಸರೋಜಳಿಗೆ. ಹಿಂದೊಮ್ಮೆ ಹಳ್ಳಿಮೈಸೂರಿನ ಬಳಿ ಪೆಟ್ರೋಲ್ ಮುಗಿದು, ರೇಷ್ಮೆ ಸೀರೆಯುಟ್ಟು ಗಾಡಿ ತಳ್ಳಿದವಳು ಅವಳು. ಭಾನುವಾರ ಅರಕಲಗೂಡಿನಲ್ಲಿ ಅವಳ ಅಕ್ಕನ ಮೊಮ್ಮಗನಿಗೆ ನಾಮಕರಣ. ಮುಳ್ಳು ಕಂಡರೆ ಸ್ಕೂಟರ್, ಇಲ್ಲದಿದ್ದರೆ ತಾನು ಬಸ್ಸಿಗೆ ಎಂದು ಖಡಾಖಂಡಿತವಾಗಿ ಹೇಳಿದಳು. ಹೆಂಡತಿ ಬಸ್ಸಿನಲ್ಲಿ, ಗಂಡ ಸ್ಕೂಟರಿನಲ್ಲಿ ಹೋಗಿ ಇಳಿದರೆ ನೆಂಟರ ಮುಂದೆ ನನ್ನ ಮಾನ ಉಳಿಯುತ್ತದೆಯೇ?

ಮೆಕ್ಯಾನಿಕ್ ಮಂಜ ನನ್ನ ಹಳೆಯ ವಿದ್ಯಾರ್ಥಿ. “ಸಂಜೆಗಂಟ ಬುಟ್ಟೋಗಿ ಸಾ, ಬಿಚ್ಚಿ ಒಣಗ್ಸಿ ಹೊಸ ರಬ್ಬರ್ ಕೂರುಸ್ತೀನಿ,” ಎಂದ. ಇವನಿಗೆ ಆವಿಯ ಪಾಠ ಹೇಳಿದವನೇ ನಾನು, ಇವನ ಮುಂದೆ ಕೈಕಟ್ಟಿ ನಿಲ್ಲುವುದೇ ಎಂದು ಗಾಡಿ ತಿರುಗಿಸಿದೆ. ನೆನೆದ ಮೊಬೈಲನ್ನು ಜನ ಅಕ್ಕಿಯಲ್ಲಿ ಹೂತಿಡುತ್ತಾರಲ್ಲ, ನಾನು ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋದೆ. ಕಾಳು ಸಣ್ಣದಾದಷ್ಟೂ ನೀರು ಹೀರುವ ಮೈ ಹೆಚ್ಚು ಎಂಬ ತತ್ವದ ಮೇಲೆ, ಮೀಟರನ್ನು ಬಿಚ್ಚಿ ರಾಗಿ ಡ್ರಮ್ಮಿನಲ್ಲಿ ಹೂತೆ. ಶುಕ್ರವಾರ ತೆಗೆದಾಗ ಗಾಜು ಹೆಚ್ಚೂಕಡಿಮೆ ತಿಳಿಯಾಗಿತ್ತು. ಹಿಂದಿನ ಕೇಬಲ್ ತೂತಿನಿಂದ ನುಗ್ಗಿದ್ದ ರಾಗಿಯನ್ನು ಕೊಡವಿದೆ. ಅಂಚಿನಲ್ಲಿ ಗಾಜಿಗೆ ಅಂಟಿದ ನಾಲ್ಕಾರು ಕಾಳು ಉಳಿದವು. ಇರಲಿ, ಅವೇನು ಪೆಟ್ರೋಲ್ ಕುಡಿಯುತ್ತವೆಯೇ ಎಂದು ಮೀಟರನ್ನು ಗಾಡಿಗೆ ಕೂರಿಸಿಬಿಟ್ಟೆ.

ಭಾನುವಾರ ಬೆಳಿಗ್ಗೆ ಸರೋಜ ಬಗ್ಗಿ ಮುಳ್ಳನ್ನಷ್ಟೇ ನೋಡಿದಳು. ಮುಳ್ಳು ಅರ್ಧಕ್ಕಿತ್ತು. ಹತ್ತಿದಳು. ಅರಕಲಗೂಡಿನವರೆಗೂ ಎದೆಯುಬ್ಬಿಸಿಕೊಂಡೇ ಗಾಡಿ ಓಡಿಸಿದೆ. ಸಾಲದ್ದಕ್ಕೆ ಊಟದ ಪಂಕ್ತಿಯಲ್ಲಿ ರಾಗಿಯ ಮಹಿಮೆಯನ್ನು ಅಕ್ಕಪಕ್ಕದವರಿಗೆಲ್ಲ ಬೋಧಿಸಿದೆ. ಕೈತೊಳೆದ ನನ್ನ ಷಡ್ಡಕರು ಆ ಅದ್ಭುತ ನೋಡಲು ಹೊರಗೆ ಹೋದರು. ಗಾಡಿ ಬಿಸಿಲಲ್ಲಿ ನಿಂತಿತ್ತು. ಬಗ್ಗಿದವರು ಬಹಳ ಹೊತ್ತು ಏಳಲೇ ಇಲ್ಲ.

“ಮೇಷ್ಟ್ರೇ, ಮುಳ್ಳು ಕಾಣ್ತಾ ಇಲ್ಲ ಕಣ್ರೀ. ಪೈರು ಮಾತ್ರ ಚೆನ್ನಾಗಿ ಬಂದೈತೆ.”

ಗಾಜಿನ ತುಂಬ ಮತ್ತೆ ಹಬೆ. ಅಂಚಿನಲ್ಲಿ ಪುಟ್ಟ ಬಿಳಿ ಮೊಳಕೆಗಳು. ನಾಮಕರಣಕ್ಕೆ ಬಂದವರೆಲ್ಲ ಮಗುವನ್ನು ತೊಟ್ಟಿಲಲ್ಲೇ ಬಿಟ್ಟು ನನ್ನ ಸ್ಕೂಟರಿನ ಸುತ್ತ ನೆರೆದರು. ಒಳಗಿನ ನೀರನ್ನೆಲ್ಲ ರಾಗಿ ಎಂದೋ ಕುಡಿದಾಗಿದೆ, ಇದು ಬರೀ ಬಿಸಿಲಿನ ಹಬೆ, ಹೊರಡುವಷ್ಟರಲ್ಲಿ ಹೋಗುತ್ತದೆ ಎಂದು ಏನೇನೋ ಸಮಜಾಯಿಷಿ ಕೊಟ್ಟೆ. ಸರೋಜ ಬ್ಯಾಗು ಹೆಗಲಿಗೇರಿಸಿದಳು.

“ನೀರಿಲ್ದೆ ಮೊಳಕೆ ಬರ್ತದಾ, ನೀವೇ ಹೇಳಿ,” ಎಂದಳು.

ಬರುವುದಿಲ್ಲ. ಬೀಜ ಮೊಳೆಯಲು ನೀರು, ಗಾಳಿ, ಶಾಖ ಬೇಕೆಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವವನು ನಾನೇ. ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನನ್ನ ತರಗತಿಯಲ್ಲಿ ಒಂದು ದಿನವೂ ಕೂರದವಳಿಗೆ, ಅಷ್ಟು ನೆಂಟರ ಎದುರಿಗೆ, ಪೂರ್ತಿ ಅಂಕ ಕೊಡಲೇಬೇಕಾಯಿತು.